ಸ್ಪೀಡ್ ಪಟ್ಟಿ ನೋಡಿ ಒಂದು ದೇಶದ ಇಂಟರ್ನೆಟ್ ಅಳೆಯಬಹುದಾ?

ಪ್ರಶ್ನೆ: ಮೇಡಂ, ನೀವು ನೆಟ್‌ವರ್ಕ್ ಕೆಲಸದಲ್ಲಿ ಇರುವವರು ಅಂತ ಇಲ್ಲಿ ಕೇಳುತ್ತಿದ್ದೇನೆ. ಯಾವ ದೇಶದಲ್ಲಿ ಇಂಟರ್ನೆಟ್ ಎಷ್ಟು ವೇಗ ಅನ್ನುವ ಪಟ್ಟಿಗಳು ಆಗಾಗ ಹರಿದಾಡುತ್ತವೆ. ಸಿಂಗಾಪುರ ಯಾವಾಗಲೂ ಮೇಲೆ ಇರುತ್ತದೆ. ಇದನ್ನು ನೋಡಿ ಒಂದು ದೇಶದ ನಿಜವಾದ ಸ್ಥಿತಿ ಗೊತ್ತಾಗುತ್ತಾ?

ಉತ್ತರ: ಪಟ್ಟಿ ಸುಳ್ಳಲ್ಲ. ಆದರೆ ಅದು ಅಳೆಯುವುದು ಸ್ಪೀಡ್ ಟೆಸ್ಟ್ ಬಟನ್ ಒತ್ತಿದವರನ್ನು ಮಾತ್ರ. ಸಂಪರ್ಕವೇ ಇಲ್ಲದವರು ಬಟನ್ ಎಲ್ಲಿಂದ ಒತ್ತಬೇಕು? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಕೊಟ್ಟ ಅಂದಾಜಿನಲ್ಲಿ ಸುಮಾರು 550 ಕೋಟಿ ಜನ ಇಂಟರ್ನೆಟ್ ಬಳಸುತ್ತಿದ್ದರು, 260 ಕೋಟಿ ಜನ ಬಳಸುತ್ತಿರಲಿಲ್ಲ. ಆ 260 ಕೋಟಿ ಜನ ಯಾವ ಸ್ಪೀಡ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಇನ್ನೊಂದು ವಿಷಯ. ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ, ಎಷ್ಟೋ ಸಲ ಅದೇ ಊರಿನದ್ದು. ಅಂದರೆ ನಿಮ್ಮ ಮನೆ ಗೇಟಿನಿಂದ ಮೇನ್ ರೋಡ್‌ವರೆಗೆ ರಸ್ತೆ ಎಷ್ಟು ಚೆನ್ನಾಗಿದೆ ಅಂತ ನೋಡಿದ ಹಾಗೆ. ಅಲ್ಲಿಂದ ಆಚೆ ಏನಿದೆ? ನನ್ನನ್ನು ಕೇಳಿದರೆ ನಾನು ಮೊದಲು ನೋಡುವುದು ಆ ದೇಶದಿಂದ ಹೊರಗೆ ಎಷ್ಟು ದಾರಿ ಇದೆ ಅಂತ. ಆಮೇಲೆ, ಆ ದಾರಿಯ ಬೀಗ ಯಾರ ಕೈಯಲ್ಲಿದೆ ಅಂತ.

ಟೋಂಗಾ ನೋಡಿ. ಹೊರಜಗತ್ತಿಗೆ ಇದ್ದದ್ದು ಒಂದೇ ಸಮುದ್ರದಡಿಯ ಕೇಬಲ್, ಫಿಜಿಗೆ ಹೋಗುವ ಸುಮಾರು 827 ಕಿ.ಮೀ. ಉದ್ದದ್ದು. 2022ರ ಜನವರಿ 15ರಂದು ಜ್ವಾಲಾಮುಖಿ ಸಿಡಿಯಿತು, ಕೇಬಲ್ ಹರಿಯಿತು. ಸರಿಯಾಗಲು 5 ವಾರ ಬೇಕಾಯಿತು. ಇದೇನು ಟವರ್ ಹತ್ತಿ ಮಾಡುವ ರಿಪೇರಿ ಅಲ್ಲ. ಹಡಗು ಬರಬೇಕು, ಕೊಕ್ಕೆ ಬಿಟ್ಟು ಸಮುದ್ರದ ತಳದಿಂದ ತುಂಡಾದ ತುದಿಯನ್ನು ಎಳೆಯಬೇಕು, ಹಡಗಿನ ಮೇಲೆ ಕೂತು ಫೈಬರ್ ಅನ್ನುವ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು, ಆಮೇಲೆ ಇನ್ನೊಂದು ತುದಿ ಹುಡುಕಬೇಕು. ಆಳ ಸಮುದ್ರದಲ್ಲಿ ಈ ಕೇಬಲ್ ಗಿಡಕ್ಕೆ ನೀರು ಹಾಕುವ ಪೈಪಿನಷ್ಟೇ ದಪ್ಪ ಇರುತ್ತದೆ!

ಪ್ರಶ್ನೆ: ಸರಿ, ಹಾಗಾದರೆ ಎರಡು ಮೂರು ಕೇಬಲ್ ಹಾಕಿದರೆ ಮುಗಿಯಿತು ಅಲ್ವಾ?

ಉತ್ತರ: ಎರಡೂ ಬೇರೆ ಬೇರೆ ಕಡೆಯಿಂದ ಹೋದರೆ ಮಾತ್ರ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗ್ರಾಹಕರಿಗೆ ಎರಡು ಲಿಂಕ್ ಕೊಟ್ಟಿದ್ದೆವು, ಎರಡು ಬೇರೆ ಕಂಪನಿಗಳದ್ದು. ಕಾಗದದಲ್ಲಿ ಎಲ್ಲ ಭದ್ರ. ಒಂದು ರಾತ್ರಿ ಎರಡೂ ಒಟ್ಟಿಗೆ ಡೌನ್. ಹೋಗಿ ನೋಡಿದರೆ ಎರಡೂ ಒಂದೇ ಕಾಲುವೆಯಲ್ಲಿ ಹಾದು ಹೋಗಿದ್ದವು, ಜೆಸಿಬಿ ಒಂದೇ ಏಟಿಗೆ ಎರಡನ್ನೂ ಎತ್ತಿತ್ತು.

ದೇಶಗಳಿಗೂ ಹೀಗೇ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಐವರಿ ಕೋಸ್ಟ್ ಕರಾವಳಿ ಹತ್ತಿರ ನಾಲ್ಕು ಕೇಬಲ್ ಒಟ್ಟಿಗೆ ಕೆಟ್ಟವು. ಘಾನಾ, ಲೈಬೀರಿಯಾ, ಬೆನಿನ್ ಎಲ್ಲ ಕಡೆ ಪರದಾಟ. ನೆಲದ ಮೇಲಿನ ಕಥೆ ಇನ್ನೂ ವಿಚಿತ್ರ. 2011ರಲ್ಲಿ ಜಾರ್ಜಿಯಾದಲ್ಲಿ 75 ವರ್ಷದ ಒಬ್ಬ ಅಜ್ಜಿ ಗುಜರಿಗೆ ಹಾಕಲು ತಾಮ್ರ ಸಿಗುತ್ತೇನೋ ಅಂತ ನೆಲ ಅಗೆಯುತ್ತಿದ್ದರು, ಸಲಿಕೆ ಫೈಬರ್‌ಗೆ ತಗಲಿತು. ಪಕ್ಕದ ಅರ್ಮೇನಿಯಾದ ಬಹುಭಾಗಕ್ಕೆ ಗಂಟೆಗಟ್ಟಲೆ ಇಂಟರ್ನೆಟ್ ಇಲ್ಲ. ಸಮುದ್ರವೇ ಇಲ್ಲದ ದೇಶಗಳ ಪಾಡು ಇದು, ನೆರೆಯವರ ನೆಲದ ಮೇಲೆಯೇ ಬರಬೇಕು.

ಇನ್ನೊಬ್ಬರು: ಈಗ ಸ್ಯಾಟಲೈಟ್ ಇಂಟರ್ನೆಟ್ ಬಂದಿದೆಯಲ್ಲ ಮೇಡಂ, ಇನ್ನೂ ಕೇಬಲ್ ಯಾಕೆ?

ಉತ್ತರ: ಹಳೆಯ ಮಾದರಿಯ ಉಪಗ್ರಹ ಸುಮಾರು 36,000 ಕಿ.ಮೀ. ಮೇಲೆ ಇರುತ್ತದೆ. ಮಾತು ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ, ಒಟ್ಟು 1,44,000 ಕಿ.ಮೀ. ಬೆಳಕಿಗೂ ಅರ್ಧ ಸೆಕೆಂಡ್ ಬೇಕು. ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುವುದು ಇದಕ್ಕೇ. ಸ್ಟಾರ್‌ಲಿಂಕ್‌ನಂಥವು 550 ಕಿ.ಮೀ. ಆಸುಪಾಸಿನಲ್ಲಿ ಸುತ್ತುವುದರಿಂದ ಆ ತೊಂದರೆ ಇಲ್ಲ. ಕಾಡು, ಹಡಗು, ದೂರದ ದ್ವೀಪಕ್ಕೆ ಬಹಳ ಒಳ್ಳೆಯದು. ಆದರೆ ಒಂದು ಪ್ರದೇಶದವರೆಲ್ಲ ಅದೇ ಸಾಮರ್ಥ್ಯ ಹಂಚಿಕೊಳ್ಳಬೇಕು, ಜೊತೆಗೆ ಆ ದೇಶದ ಸರ್ಕಾರ ಲೈಸೆನ್ಸ್ ಕೊಡಬೇಕು. ಖಂಡದಿಂದ ಖಂಡಕ್ಕೆ ಹೋಗುವ ಡೇಟಾದಲ್ಲಿ ಶೇ. 95ಕ್ಕೂ ಜಾಸ್ತಿ ಈಗಲೂ ಕೇಬಲ್‌ನಲ್ಲೇ ಹೋಗುತ್ತದೆ. ಅಟ್ಲಾಂಟಿಕ್ ನಡುವಿನ ಸೇಂಟ್ ಹೆಲೆನಾ ದ್ವೀಪದಲ್ಲಿ ಸುಮಾರು 4,500 ಜನ ವರ್ಷಗಟ್ಟಲೆ ಒಂದೇ ಉಪಗ್ರಹ ಲಿಂಕ್ ಹಂಚಿಕೊಂಡಿದ್ದರು. 2023ರಲ್ಲಿ ಕೇಬಲ್ ಚಾಲೂ ಆದ ಮೇಲೆ ಅವರ ಕಷ್ಟ ತೀರಿತು.

ಪ್ರಶ್ನೆ: ಬೀಗ ಯಾರ ಕೈಯಲ್ಲಿ ಅಂದಿರಲ್ಲ, ಅದು ಏನು?

ಉತ್ತರ: ಕೇಬಲ್ ಚೆನ್ನಾಗಿಯೇ ಇದ್ದು ಇಂಟರ್ನೆಟ್ ಇಲ್ಲದಿರುವುದು. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್‌ನಲ್ಲಿ ಯಾರೂ ತಂತಿ ಕತ್ತರಿಸಲಿಲ್ಲ. 'ಈ ವಿಳಾಸಗಳಿಗೆ ದಾರಿ ಇಲ್ಲಿದೆ' ಅಂತ ರೂಟರುಗಳು ಜಗತ್ತಿಗೆ ಸದಾ ಸಾರುತ್ತಿರುತ್ತವೆ, ಅದಕ್ಕೆ ನಮ್ಮವರು ಬಿಜಿಪಿ ಅನ್ನುತ್ತಾರೆ. ಸರ್ಕಾರದ ಆದೇಶದಂತೆ ಅಲ್ಲಿನ ಇಂಟರ್ನೆಟ್ ಕಂಪನಿಗಳು ಒಂದೇ ರಾತ್ರಿ ಹೀಗೆ ಸಾರಿದ ಸುಮಾರು 3,500 ದಾರಿಗಳನ್ನು ವಾಪಸ್ ತೆಗೆದುಕೊಂಡವು, ಅಷ್ಟೇ. ಹೆಚ್ಚುಕಡಿಮೆ ಇಡೀ ದೇಶ ನಕಾಶೆಯಿಂದ ಮಾಯ, 5 ದಿನ. ಚೀನಾದ್ದು ಬೇರೆ ರೀತಿ, ಒಳಗೆ ವೇಗ ಭರ್ಜರಿ, ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಮಾತ್ರ ತೆರೆಯುವುದಿಲ್ಲ. ಉತ್ತರ ಕೊರಿಯಾದಲ್ಲಿ ಸಾಮಾನ್ಯ ಜನಕ್ಕೆ ಸಿಗುವುದು ಕ್ವಾಂಗ್‌ಮ್ಯೋಂಗ್ ಅನ್ನುವ ದೇಶದೊಳಗಿನ ಜಾಲ, ಅದಕ್ಕೆ ಹೊರಬಾಗಿಲೇ ಇಲ್ಲ. ಇದಕ್ಕೆ ಪೂರ್ತಿ ಉಲ್ಟಾ ಫಿನ್ಲೆಂಡ್. 2010ರ ಜುಲೈನಲ್ಲೇ 1 ಎಂಬಿಪಿಎಸ್ ವೇಗದ ಸಂಪರ್ಕ ಅಲ್ಲಿ ಕಾನೂನುಬದ್ಧ ಹಕ್ಕಾಯಿತು.

ಮತ್ತೊಬ್ಬರು: ಸಿಗ್ನಲ್ ಇದ್ದೂ ಬಳಸದವರು ಇದ್ದಾರಲ್ಲ, ಅವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಉತ್ತರ: ಒಳ್ಳೆಯ ಪ್ರಶ್ನೆ, ಹಾಗೆ ನೋಡಿದರೆ ಇದೇ ಎಲ್ಲಕ್ಕಿಂತ ದೊಡ್ಡ ಲೆಕ್ಕ. ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ 2024ರ ವರದಿಯಲ್ಲಿ ಹೇಳಿದಂತೆ ಸಿಗ್ನಲ್ಲೇ ತಲುಪದ ಜನ ಸುಮಾರು 35 ಕೋಟಿ. ಸಿಗ್ನಲ್ ಇದ್ದೂ ಮೊಬೈಲ್ ಇಂಟರ್ನೆಟ್ ಬಳಸದವರು ಸುಮಾರು 310 ಕೋಟಿ. ಇದು ಮೊಬೈಲ್ ಇಂಟರ್ನೆಟ್‌ನ ಲೆಕ್ಕ ಮಾತ್ರ, ಅದಕ್ಕೇ ಮೊದಲು ಹೇಳಿದ 260 ಕೋಟಿಗೆ ಹೊಂದುವುದಿಲ್ಲ. ಹ್ಯಾಂಡ್‌ಸೆಟ್ ಕೊಳ್ಳಲು ದುಡ್ಡಿಲ್ಲ, ಓದಲು ಬರುವುದಿಲ್ಲ, ತಮ್ಮ ಭಾಷೆಯಲ್ಲಿ ಏನೂ ಸಿಗುವುದಿಲ್ಲ, ಫೋನ್ ಗಂಡನ ಕೈಯಲ್ಲೇ ಇರುತ್ತದೆ, ಕಾರಣ ಒಂದೆರಡಲ್ಲ. ನಮ್ಮಂಥ ಎಂಜಿನಿಯರುಗಳು ಟವರ್ ಹಾಕಿ ಕೆಲಸ ಆಯಿತು ಅಂದುಕೊಳ್ಳುತ್ತೇವೆ, ಅದು ನಮ್ಮ ಹಳೇ ಕಾಯಿಲೆ.

ಪ್ರಶ್ನೆ: ಹೊರದಾರಿ ಹೇಗಿದೆ ಅಂತ ನಾವೇ ನೋಡಿಕೊಳ್ಳುವುದು ಹೇಗೆ?

ಉತ್ತರ: ಬೇರೆ ದೇಶದ ಒಂದು ಸರ್ವರಿಗೆ ಪಿಂಗ್ ಮಾಡಿ, ಅಂದರೆ ಒಂದು ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ. ಫೈಬರ್‌ನಲ್ಲಿ ಸಾವಿರ ಕಿ.ಮೀ. ದೂರಕ್ಕೆ ಹೋಗಿ ಬರಲು ಸುಮಾರು 10 ಮಿಲಿಸೆಕೆಂಡ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಪ್ರಶ್ನೆ: ಮಾಡಿದೆ ಮೇಡಂ. ಒಂದು ವಿದೇಶಿ ಸೈಟಿಗೆ 12, ಒಂದು ವಿದೇಶಿ ವಿಶ್ವವಿದ್ಯಾಲಯದ ಸೈಟಿಗೆ 280 ಮಿಲಿಸೆಕೆಂಡ್ ಬಂತು. ಎರಡನೆಯದು ಕೆಟ್ಟಿದೆಯಾ?

ಉತ್ತರ: 12 ಬಂದದ್ದು ವಿದೇಶದಿಂದ ಅಲ್ಲ, ಆ ಕಂಪನಿ ತನ್ನ ಸೈಟಿನ ಒಂದು ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟಿದೆ. 280 ಅಂದರೆ ಲೆಕ್ಕದಲ್ಲಿ 28,000 ಕಿ.ಮೀ. ಆಯಿತು. ಭೂಮಿಯ ಆ ಬದಿಗೆ ಹೋದರೂ 20,000 ಕಿ.ಮೀ. ತಾನೆ? ಎಲ್ಲೋ ಸುತ್ತು ಹಾಕುತ್ತಿದೆ, ಇಲ್ಲ ಕ್ಯೂನಲ್ಲಿ ನಿಂತಿದೆ. ಟ್ರೇಸ್‌ರೂಟ್, ಅಂದರೆ ದಾರಿಯಲ್ಲಿ ಸಿಗುವ ಒಂದೊಂದು ರೂಟರನ್ನೂ ಸಾಲಾಗಿ ತೋರಿಸುವ ಪಟ್ಟಿ, ತೆಗೆದು ಇಲ್ಲಿ ಹಾಕಿ, ಯಾವ ಸಾಲಿನಲ್ಲಿ ಅಂಕಿ ದಿಢೀರ್ ಏರಿದೆ ಅಂತ ನೋಡೋಣ. ನಿಮ್ಮ ಐಪಿ ವಿಳಾಸ ಇರುವ ಸಾಲನ್ನು ಮಾತ್ರ ಅಳಿಸಿ.