ಹಾಂಗ್‌ಝೌ: ಪಶ್ಚಿಮ ಸರೋವರವನ್ನು ನೋಡಲು ಬಾವೊಶಿ ಗುಡ್ಡ ಹತ್ತಬೇಕೇ, ದಂಡೆಯ ಮೇಲೆ ಅಡ್ಡಾಡಿದರೆ ಸಾಕೇ?

ಪ್ರಶ್ನೆ

ಏಪ್ರಿಲ್ ತಿಂಗಳಲ್ಲಿ ಕೆಲಸದ ಮೇಲೆ ಶಾಂಘೈಗೆ ಹೋಗುವವಳಿದ್ದೇನೆ. ಕೆಲಸ ಮುಗಿದ ಮೇಲೆ ಅಮ್ಮನೂ ಬಂದು ಸೇರಿಕೊಳ್ಳುತ್ತಾರೆ. ಅಲ್ಲಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ ಹಾಂಗ್‌ಝೌಗೆ ಹೋಗಿ, ಒಂದು ಇಡೀ ದಿನವನ್ನು ಪಶ್ಚಿಮ ಸರೋವರಕ್ಕೆ ಮೀಸಲಿಡಬೇಕೆಂದಿದ್ದೇವೆ. ಸರೋವರದ ಉತ್ತರ ದಂಡೆಯಲ್ಲಿರುವ ಬಾವೊಶಿ ಗುಡ್ಡದ ಮೇಲಿನಿಂದ ನೋಟ ಚೆನ್ನಾಗಿರುತ್ತದೆಂದು ಓದಿದ್ದೇನೆ. ಅಮ್ಮನಿಗೆ ನಡಿಗೆ ಅಭ್ಯಾಸವಿದೆ, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಅಲ್ಲಿನ ಬಾವೊಚು ಗೋಪುರದೊಳಗೆ ಹತ್ತಲು ಬಿಡುತ್ತಾರೆಯೇ? ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1

ಖಂಡಿತ ಹತ್ತಿ. ಗುಡ್ಡ ಎತ್ತರದ್ದಲ್ಲ, ಬೇಯ್‌ಶಾನ್ ರಸ್ತೆಯಿಂದ ಕಲ್ಲಿನ ಮೆಟ್ಟಿಲುಗಳು ಮರಗಳ ನೆರಳಿನಲ್ಲೇ ಮೇಲಕ್ಕೆ ಹೋಗುತ್ತವೆ. ಗೋಪುರದೊಳಗೆ ಹತ್ತುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಅದು ಒಳಗೆ ಟೊಳ್ಳಿಲ್ಲದ, ಇಟ್ಟಿಗೆಯಿಂದ ಗಟ್ಟಿಯಾಗಿ ಕಟ್ಟಿದ ಗೋಪುರ. ಮೂಲ ಕಟ್ಟಡ ಹತ್ತನೆಯ ಶತಮಾನದ್ದು. ಪದೇ ಪದೇ ಬಿದ್ದು ಮತ್ತೆ ಎದ್ದ ಅದರ ಈಗಿನ ರೂಪ 1933ರದ್ದು, ಎತ್ತರ 45.3 ಮೀಟರ್. ಸರೋವರದ ದಕ್ಷಿಣಕ್ಕಿರುವ ಲೇಯ್‌ಫೆಂಗ್ ಗೋಪುರವನ್ನು ಮುದಿ ಸನ್ಯಾಸಿಗೂ ಇದನ್ನು ಸುಂದರಿಗೂ ಹೋಲಿಸುವ ಹಳೆಯ ಮಾತೊಂದು ಅಲ್ಲಿದೆ. ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದಾಗ ಆ ಹೋಲಿಕೆ ಎಷ್ಟು ಸರಿ ಎನಿಸುತ್ತದೆ.

ಆದರೆ ಗೋಪುರದ ಬಳಿಯೇ ನಿಂತು ಹಿಂದಿರುಗಬೇಡಿ. ಅಲ್ಲಿಂದ ಪಶ್ಚಿಮಕ್ಕೆ ಸಾಗುವ ಹಾದಿಯಲ್ಲಿ ಕೆಂಪು ಛಾಯೆಯ ಜ್ವಾಲಾಮುಖಿ ಶಿಲೆಗಳು ಎದುರಾಗುತ್ತವೆ. ಅವುಗಳ ನಡುವೆ ಹುದುಗಿದ ಕೆಂಪು ಹರಳುಗಳು ಬಿಸಿಲಿಗೆ ಮಿನುಗುವುದರಿಂದಲೇ ಇದಕ್ಕೆ ಬಾವೊಶಿ, ಅಂದರೆ ರತ್ನದ ಗುಡ್ಡ ಎಂಬ ಹೆಸರು. ಕಪ್ಪೆಬಂಡೆ ಎಂದು ಕರೆಯುವ ಬಂಡೆಯ ಮೇಲಿನಿಂದ ಸರೋವರ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಈ ನೋಟ ಏಕೆ ಮುಖ್ಯವೆಂದು ಹೇಳಲೇಬೇಕು. ದಂಡೆಯಲ್ಲಿ ನಡೆಯುವಾಗ ಇದು ತಾನಾಗಿ ಉಂಟಾದ ಚೆಲುವೆಂದು ತೋರುತ್ತದೆ. ಮೇಲಿನಿಂದ ನೋಡಿದಾಗ ಮಾತ್ರ ಮನುಷ್ಯರ ಕೈ ಎಷ್ಟು ಕೆಲಸ ಮಾಡಿದೆ ಎಂಬುದು ತಿಳಿಯುತ್ತದೆ. ಕೆಳಗೆ ಬಾಯ್ ಏರಿ ಗೂಶಾನ್ ದ್ವೀಪದ ಕಡೆಗೆ ಚಾಚಿಕೊಂಡಿದೆ, ಪಶ್ಚಿಮದಲ್ಲಿ ಸು ಏರಿ ಉತ್ತರದಿಂದ ದಕ್ಷಿಣಕ್ಕೆ ನೀರನ್ನು ಸೀಳಿ ನಿಂತಿದೆ. ಕವಿ ಸು ಡಾಂಗ್‌ಪೊ 1089ರಲ್ಲಿ ಹಾಂಗ್‌ಝೌನ ಆಡಳಿತಾಧಿಕಾರಿಯಾಗಿ ಬಂದಾಗ ಸರೋವರ ಹೂಳು ಮತ್ತು ಜೊಂಡಿನಿಂದ ಮುಚ್ಚಿಹೋಗುತ್ತಿತ್ತು. ಆತ ತೆಗೆಸಿದ ಹೂಳೇ ಸುಮಾರು 2.8 ಕಿಲೋಮೀಟರ್ ಉದ್ದದ ಆ ಏರಿಯಾಯಿತು. 2011ರಲ್ಲಿ ಯುನೆಸ್ಕೊ ಪಶ್ಚಿಮ ಸರೋವರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಿಸರ್ಗದ ತಾಣವೆಂದಲ್ಲ, ಸಾಂಸ್ಕೃತಿಕ ಭೂದೃಶ್ಯವೆಂದು.

ಉತ್ತರ 2

ಮೇಲಿನವರ ಮಾತು ನಿಜ, ಆದರೆ ನಿಮ್ಮ ತಾಯಿಯವರನ್ನು ಕಪ್ಪೆಬಂಡೆಯ ಮೇಲೆ ಹತ್ತಿಸಬೇಡಿ. ಅದು ಬರಿಯ ಬಂಡೆ. ಜನ ಹತ್ತಿ ಹತ್ತಿ ಸವೆದಿದೆ, ತೇವವಿದ್ದರಂತೂ ಕಾಲು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಹಾಂಗ್‌ಝೌನಲ್ಲಿ ಮಳೆ ಸಾಮಾನ್ಯ. ಅವರು ಗೋಪುರದವರೆಗೆ ನಿಧಾನವಾಗಿ ಬಂದು ಕುಳಿತಿರಲಿ, ನೀವೊಬ್ಬರೇ ಮುಂದಕ್ಕೆ ಹೋಗಿ ಬನ್ನಿ. ಮಂಡಿ ನೋವು ಹೆಚ್ಚಾಗಿದ್ದ ದಿನ ಈ ಗುಡ್ಡವನ್ನು ಬಿಟ್ಟು ಲೇಯ್‌ಫೆಂಗ್ ಗೋಪುರಕ್ಕೆ ಹೋಗುವುದೇ ಮೇಲು. 1924ರಲ್ಲಿ ಕುಸಿದು 2002ರಲ್ಲಿ ಮತ್ತೆ ಕಟ್ಟಿದ ಆ ಗೋಪುರಕ್ಕೆ ಎಸ್ಕಲೇಟರ್ ಇದೆ, ಒಳಗೆ ಲಿಫ್ಟ್ ಕೂಡ ಇದೆ. ಅದಕ್ಕೆ ಟಿಕೆಟ್ ಕೊಳ್ಳಬೇಕು; ಬಾವೊಶಿ ಗುಡ್ಡಕ್ಕೆ ಬೇಕಿಲ್ಲ.

ಉತ್ತರ 3

ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಗುಡ್ಡದಿಂದ ಸರೋವರ ಇರುವುದು ದಕ್ಷಿಣಕ್ಕೆ; ಆದ್ದರಿಂದ ನಡುಹಗಲಿನಲ್ಲಿ ಬಿಸಿಲು ಎದುರಿಗೇ ಬಂದು ನೀರು ಬೆಳ್ಳಗೆ ಮಸುಕಾಗಿ ಕಾಣುತ್ತದೆ. ಬಹಳ ಜನ ಸೂರ್ಯೋದಯಕ್ಕೆ ಬರುತ್ತಾರೆ, ಆದರೆ ಸೂರ್ಯ ಹುಟ್ಟುವುದು ಪೂರ್ವದ ನಗರದ ಕಟ್ಟಡಗಳ ಹಿಂದೆ. ನನ್ನ ಮಟ್ಟಿಗೆ ಸಂಜೆಯೇ ಉತ್ತಮ: ಪಶ್ಚಿಮದ ಬೆಟ್ಟಸಾಲುಗಳು ಒಂದರ ಹಿಂದೆ ಒಂದು ತಿಳಿಯಾಗುತ್ತಾ ಹೋಗುತ್ತವೆ, ಸು ಏರಿ ಕಪ್ಪು ಗೆರೆಯಾಗಿ ಉಳಿಯುತ್ತದೆ. ಟಾರ್ಚ್ ಇಟ್ಟುಕೊಂಡಿರಿ.

ದಿನವನ್ನು ಆರಿಸುವಾಗಲೂ ಎಚ್ಚರ ಬೇಕು. ಏಪ್ರಿಲ್ 4 ಅಥವಾ 5ರಂದು ಬರುವ ಚಿಂಗ್‌ಮಿಂಗ್ ರಜೆಯಲ್ಲಿ, ಹಾಗೆಯೇ ಮೇ 1ರ ಆಸುಪಾಸಿನಲ್ಲಿ, ಗುಡ್ಡದ ಬುಡದಲ್ಲಿರುವ, 'ಮುರಿದ ಸೇತುವೆ' ಎಂದು ಹೆಸರಾದ ಸೇತುವೆಯ ಮೇಲೆ ಕಾಲಿಡಲೂ ಜಾಗವಿರುವುದಿಲ್ಲ. ವಾರದ ನಡುವಿನ ದಿನವಾದರೆ ನೆಮ್ಮದಿ. ಗೂಗಲ್ ಮ್ಯಾಪ್ಸ್ ಅನ್ನು ಅಲ್ಲಿ ನೆಚ್ಚಿಕೊಳ್ಳಲಾಗದು. ಗುಡ್ಡದ ಹೆಸರನ್ನು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಟ್ಯಾಕ್ಸಿ ಚಾಲಕರಿಗೆ ತೋರಿಸಬಹುದು. ಹೊರಡುವ ಮುನ್ನವೇ ಅಲ್ಲಿ ಹಣ ಪಾವತಿಗೆ ಬಳಸುವ ಅಲಿಪೇ ಆ್ಯಪ್‌ನಲ್ಲಿ ನಿಮ್ಮ ಕಾರ್ಡನ್ನು ಜೋಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಏಪ್ರಿಲ್ ಮಧ್ಯದ ಒಂದು ಬುಧವಾರವನ್ನು ಗೊತ್ತುಮಾಡಿಕೊಳ್ಳುತ್ತೇನೆ. ಬೆಳಿಗ್ಗೆ ಅಮ್ಮನೊಡನೆ ಬಾಯ್ ಏರಿಯ ಮೇಲೆ ನಡೆದು, ಮಧ್ಯಾಹ್ನ ಅವರಿಗೆ ವಿಶ್ರಾಂತಿ ಕೊಟ್ಟು, ಸಂಜೆ ನಾಲ್ಕರ ನಂತರ ಗೋಪುರದವರೆಗೆ ಹತ್ತುತ್ತೇವೆ. ಮಳೆ ಬಂದರೆ ಲೇಯ್‌ಫೆಂಗ್.