ಹಿಲ್ಡ್ರೆತ್ ರಾಜ್ಯಪಾಲರೋ, ಗವರ್ನರೋ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ವಾಕ್ಯ ನನ್ನ ತಲೆ ತಿನ್ನುತ್ತಿದೆ. ಬಲ್ಲವರು ಬಿಡಿಸಿಕೊಡಬೇಕು.

ಪಾಕಿಸ್ತಾನ ಮತ್ತು ಅಮೆರಿಕದ ಆರಂಭದ ನಂಟಿನ ಬಗ್ಗೆ ಒಂದು ಲೇಖನ ಅನುವಾದ ಮಾಡಿಕೊಟ್ಟಿದ್ದೆ. ಅದರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ರಾಜಕಾರಣಿ ಹೊರೇಸ್ ಹಿಲ್ಡ್ರೆತ್ ಎಂಬವರ ಪರಿಚಯ ಅರ್ಧ ಪುಟದಷ್ಟು ಬರುತ್ತದೆ. ಕರಡು ತಿದ್ದುಪಡಿಯಾಗಿ ವಾಪಸ್ ಬಂದಾಗ ನನ್ನ ವಾಕ್ಯ ಹೀಗಾಗಿತ್ತು: "ಮೇಯ್ನ್ ರಾಜ್ಯಪಾಲರಾಗಿದ್ದ ಹಿಲ್ಡ್ರೆತ್ ಅವರನ್ನು ನಂತರ ಬಕ್‌ನೆಲ್ ವಿ.ವಿ. ಕುಲಪತಿಯನ್ನಾಗಿ ನೇಮಿಸಲಾಯಿತು. ಆ ಬಳಿಕ ರಾಜತಾಂತ್ರಿಕರಾಗಿ ಪಾಕಿಸ್ತಾನಕ್ಕೆ ತೆರಳಿದರು." ನಾನು ಬರೆದಿದ್ದ 'ಗವರ್ನರ್' ಮೇಲೆ ಕೆಂಪು ಗೆರೆ, ಪಕ್ಕದಲ್ಲಿ "ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕೆ?" ಎಂಬ ಷರಾ.

ಪ್ರಶ್ನೆ ನ್ಯಾಯವಾದದ್ದೇ. ವಾಕ್ಯದಲ್ಲಿ ವ್ಯಾಕರಣದ ತಪ್ಪೂ ಇಲ್ಲ. ಆದರೆ ಇದನ್ನು ಓದಿದ ಕನ್ನಡಿಗನ ಕಣ್ಣಿಗೆ ಯಾರು ಬರುತ್ತಾರೆ ನೋಡಿ. ರಾಜಕೀಯದಿಂದ ಹೆಚ್ಚುಕಡಿಮೆ ನಿವೃತ್ತರಾದ ಒಬ್ಬ ಹಿರಿಯರು. ದೆಹಲಿಯಿಂದ ಆದೇಶ ಬಂತು, ರಾಜಭವನಕ್ಕೆ ಬಂದರು. ಘಟಿಕೋತ್ಸವದಲ್ಲಿ ಗೌನು ತೊಟ್ಟು ಚಿನ್ನದ ಪದಕ ಕೊಟ್ಟರು, ಅಧಿವೇಶನದ ಮೊದಲ ದಿನ ಸರ್ಕಾರ ಬರೆದುಕೊಟ್ಟ ಭಾಷಣ ಓದಿದರು. ಹಿಲ್ಡ್ರೆತ್ ಇದ್ಯಾವುದೂ ಅಲ್ಲ. ಹುಟ್ಟಿದ್ದು 1902ರ ಕೊನೆಗೆ, ಗವರ್ನರ್ ಆದದ್ದು 1945ರ ಜನವರಿಯಲ್ಲಿ, ಅಂದರೆ ನಲವತ್ತೆರಡಕ್ಕೆ. ಮತ ಕೇಳಿ ಗೆದ್ದವರು. ಆಗ ಮೇಯ್ನ್‌ನಲ್ಲಿ ಗವರ್ನರ್ ಅವಧಿ ಎರಡೇ ವರ್ಷ, ಹಾಗಾಗಿ 1946ರಲ್ಲಿ ಮತ್ತೆ ಜನರ ಮುಂದೆ ಹೋಗಿ ಮತ್ತೆ ಗೆದ್ದರು. 1947ರ ಅಕ್ಟೋಬರಿನಲ್ಲಿ ಆ ರಾಜ್ಯದಲ್ಲಿ ಕಾಡ್ಗಿಚ್ಚು ಎದ್ದು ಎರಡು ಲಕ್ಷ ಎಕರೆಗೂ ಮಿಕ್ಕಿ ಸುಟ್ಟುಹೋಯಿತು, ಬಾರ್ ಹಾರ್ಬರಿನ ಸಿರಿವಂತರ ಬಂಗಲೆಗಳೂ ಬೂದಿಯಾದವು. ಅಂಥ ಹೊತ್ತಿನಲ್ಲಿ ನಮ್ಮ ರಾಜ್ಯಪಾಲರಾದರೆ ಮುಖ್ಯಮಂತ್ರಿಯಿಂದ ವರದಿ ಕೇಳುತ್ತಾರೆ. ಹಿಲ್ಡ್ರೆತ್‌ಗೆ ವರದಿ ಕೇಳಲು ಮುಖ್ಯಮಂತ್ರಿಯೇ ಇರಲಿಲ್ಲ, ಆ ಕೆಲಸವೂ ಅವರದೇ.

ಹಾಗಾದರೆ 'ಮುಖ್ಯಮಂತ್ರಿ' ಅನ್ನೋಣವೇ? ಕೆಲಸಕ್ಕೆ ಅದೇ ಹತ್ತಿರ. ಆದರೆ ಮಂತ್ರಿ ಅಂದಮೇಲೆ ಶಾಸಕರ ಬೆಂಬಲ ಬೇಕು, ಬಹುಮತ ಹೋದರೆ ಕುರ್ಚಿ ಹೋಗಬೇಕು. ಮೇಯ್ನ್‌ನ ಗವರ್ನರನ್ನು ಶಾಸಕರು ಅವಿಶ್ವಾಸ ಹೂಡಿ ಇಳಿಸುವ ಹಾಗಿಲ್ಲ. ರೆಸಾರ್ಟ್ ರಾಜಕೀಯಕ್ಕೆ ಅಲ್ಲಿ ಜಾಗವೇ ಇಲ್ಲ.

ನಮ್ಮ 'ರಾಜ್ಯಪಾಲ' ಪದವೂ ಬೇರೆ ಅರ್ಥಕ್ಕೆ ಹೋಗಬಹುದಿತ್ತು. ಸಂವಿಧಾನ ಸಭೆಯಲ್ಲಿ 1947ರಲ್ಲಿ ಮೊದಲು ಒಪ್ಪಿದ್ದು ಜನರೇ ನೇರವಾಗಿ ಆರಿಸುವ ಗವರ್ನರನ್ನು. 1949ರಲ್ಲಿ ಅದು ತಿರುಗಿತು. ಜನ ಆರಿಸಿದ ಇಬ್ಬರು ಒಂದೇ ರಾಜ್ಯದಲ್ಲಿ ಕೂತರೆ ಜಟಾಪಟಿ ತಪ್ಪದು ಎಂದು ನೇಮಕದ ದಾರಿ ಹಿಡಿದರು, ಅದೇ ಈಗಿನ 155ನೇ ವಿಧಿ. ಹಳೆಯ ತೀರ್ಮಾನವೇ ಉಳಿದಿದ್ದರೆ ಇವತ್ತು ಮೇಯ್ನ್ ರಾಜ್ಯಪಾಲ ಅಂದರೂ ನಮಗೆ ಅಷ್ಟು ಕಸಿವಿಸಿಯಾಗುತ್ತಿರಲಿಲ್ಲವೇನೋ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರಂತೂ ಒಬ್ಬರೇ ಮೂರು ಪದಗಳಲ್ಲಿ ಬಾಳಿದರು: ಮಹಾರಾಜ, 1950ರಿಂದ ರಾಜಪ್ರಮುಖ (ಹಳೆಯ ಸಂಸ್ಥಾನಗಳಲ್ಲಿ ರಾಜ್ಯಪಾಲರಿಗೆ ಸಮನಾದ ಹುದ್ದೆ), 1956ರ ನವೆಂಬರ್ 1ರಿಂದ ರಾಜ್ಯಪಾಲ. ಸಂಜೆ ರಾಜಪ್ರಮುಖ, ಬೆಳಗ್ಗೆ ರಾಜ್ಯಪಾಲ. ಒಂದೇ ರಾತ್ರಿಯಲ್ಲಿ ಹಳೆಯ ಪದ ಚಲಾವಣೆಯಿಂದಲೇ ಹೋಯಿತು.

'ಗವರ್ನರ್' ಕನ್ನಡಕ್ಕೆ ಅಪರಿಚಿತವೂ ಅಲ್ಲ. ರಿಸರ್ವ್ ಬ್ಯಾಂಕಿನವರನ್ನು ಯಾರೂ ರಾಜ್ಯಪಾಲ ಅನ್ನುವುದಿಲ್ಲ, ಪತ್ರಿಕೆಗಳಲ್ಲೂ ಗವರ್ನರ್ ಅಂತಲೇ ಬರುತ್ತದೆ. ನಮ್ಮೂರ ಕಡೆ ಡೀಸೆಲ್ ಪಂಪ್‌ಸೆಟ್ಟಿಗೂ ಗೌರ್ನರ್ ಇದೆ. ಹಳೇ ಎಂಜಿನ್ನು ಒಮ್ಮೆಲೇ ಕೂಗತೊಡಗಿದರೆ ಮೆಕ್ಯಾನಿಕ್ ಬಂದು "ಗೌರ್ನರ್ ಸ್ಪ್ರಿಂಗ್ ಹೋಗಿದೆ ಕಣಣ್ಣ" ಅನ್ನುತ್ತಿದ್ದ. ವೇಗ ಹದ್ದು ಮೀರದಂತೆ ನೋಡುವುದು ಅದರ ಕೆಲಸ. ಪದದ ಬೇರು ಹುಡುಕಿದರೆ ಲ್ಯಾಟಿನ್ ದಾಟಿ ಗ್ರೀಕಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಹಡಗಿನ ಚುಕ್ಕಾಣಿ ಹಿಡಿದವ ಎಂದರ್ಥ. ನಾವು 'ಅಧಿಕಾರದ ಚುಕ್ಕಾಣಿ ಹಿಡಿದರು' ಎಂದು ದಿನಬೆಳಗಾದರೆ ಬರೆಯುತ್ತೇವಲ್ಲ, ಅದೇ. ರಾಜ್ಯಪಾಲದ 'ಪಾಲ' ಹಾಗಲ್ಲ. ಗೋಪಾಲ, ದ್ವಾರಪಾಲ, ಲೋಕಪಾಲ ಇವರೆಲ್ಲ ಕಾಯುವವರು, ನಡೆಸುವವರಲ್ಲ. ನಮ್ಮ ರಾಜ್ಯಪಾಲರಿಗೆ ಈ ಪದ ಸರಿಯಾಗಿಯೇ ಹೊಂದುತ್ತದೆ, ಹಿಲ್ಡ್ರೆತ್‌ಗೆ ಹೊಂದುವುದಿಲ್ಲ. ಕುರ್ಚಿಗೆ ಹೇಗೆ ಬಂದರು ಎನ್ನುವುದು ಪದದಲ್ಲಿ ಕಾಣಬೇಕು. ರಾಜ್ಯದ ಹುದ್ದೆಯ ಮಟ್ಟಿಗೆ, ಜನ ಆರಿಸಿದವರು ಗವರ್ನರ್, ನೇಮಕವಾದವರು ರಾಜ್ಯಪಾಲ. ಇಷ್ಟರಮಟ್ಟಿಗೆ ನನಗೆ ಗೊಂದಲವಿಲ್ಲ.

ಗೊಂದಲ ಇರುವುದು ಎರಡನೆಯ ಪದದಲ್ಲಿ. 1948ರಲ್ಲಿ ಹಿಲ್ಡ್ರೆತ್ ಅಮೆರಿಕದ ಸೆನೆಟ್‌ಗೆ ಹೋಗಬೇಕೆಂದು ರಿಪಬ್ಲಿಕನ್ ಪಕ್ಷದ ಒಳಚುನಾವಣೆಗೆ ನಿಂತು ಮಾರ್ಗರೆಟ್ ಚೇಸ್ ಸ್ಮಿತ್ ಎದುರು ಸೋತರು. ಮರುವರ್ಷ ಪೆನ್ಸಿಲ್ವೇನಿಯಾದ ಲೂಯಿಸ್‌ಬರ್ಗ್‌ನಲ್ಲಿರುವ ಬಕ್‌ನೆಲ್ ವಿಶ್ವವಿದ್ಯಾಲಯದ 'ಪ್ರೆಸಿಡೆಂಟ್' ಆದರು. ಇದನ್ನು ಕುಲಪತಿ ಎಂದರೆ ಏನಾಗುತ್ತದೆ? ಕರ್ನಾಟಕದಲ್ಲಿ ರಾಜ್ಯಪಾಲರೇ ವಿಶ್ವವಿದ್ಯಾಲಯಗಳ ಕುಲಾಧಿಪತಿ. ಅವರ ಕೈಕೆಳಗೆ ಕುಲಪತಿ, ಆಮೇಲೆ ಕುಲಸಚಿವ. 'ರಾಜ್ಯಪಾಲರು ಕುಲಪತಿಯಾದರು' ಅಂದರೆ ನಮ್ಮವರಿಗೆ ಅದು ಹಿಂಬಡ್ತಿ! ಇನ್ನೂ ಹಿಂದಕ್ಕೆ ಹೋದರೆ ವೈಸ್ ಚಾನ್ಸಲರ್‌ಗೆ 'ಉಪಕುಲಪತಿ' ಅನ್ನುತ್ತಿದ್ದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯ ನಡೆಸಿದ ಕುವೆಂಪು ಆ ಕಾಲದ ಬರಹಗಳಲ್ಲಿ ಉಪಕುಲಪತಿ, ಈಗ ಬರೆಯುವವರ ಕೈಯಲ್ಲಿ ಕುಲಪತಿ. ಹುದ್ದೆ ಅದೇ, 'ಉಪ' ಮಾತ್ರ ಉದುರಿತು.

ಕೆಲವರು 'ಪ್ರಾಂಶುಪಾಲ' ಎಂದೂ ಹೇಳಬಹುದು. ಅದು ಪ್ರಿನ್ಸಿಪಾಲರಿಗೆ, ಅದೂ ಸದ್ದಿಗೆ ಸದ್ದು ಕೂಡಿಸಿ ಕಟ್ಟಿದ ಪದ ಎಂದು ಕಿವಿಗೇ ಗೊತ್ತಾಗುತ್ತದೆ. ಸಂಸ್ಕೃತದಲ್ಲಿ 'ಪ್ರಾಂಶು' ಅಂದರೆ ಎತ್ತರದ ಆಳು. ನಮ್ಮ ಪಿಯುಸಿ ಪ್ರಾಂಶುಪಾಲರು ಐದಡಿ ಇದ್ದರು, ಆ ಮಾತು ಬಿಡಿ.

ಉಳಿದದ್ದು 'ಅಧ್ಯಕ್ಷ'. ನೇರ ಅನುವಾದ, ತಪ್ಪೂ ಅಲ್ಲ. ಆದರೆ ಹಿಲ್ಡ್ರೆತ್ ಕಥೆಯಲ್ಲಿ ಪ್ರೆಸಿಡೆಂಟರು ಅಡಿಗಡಿಗೆ ಎದುರಾಗುತ್ತಾರೆ. ಗವರ್ನರ್ ಆಗುವ ಮೊದಲು ಅವರು ಮೇಯ್ನ್ ಸೆನೆಟ್‌ನ ಪ್ರೆಸಿಡೆಂಟ್, ನಮ್ಮ ಮೇಲ್ಮನೆಯ ಲೆಕ್ಕದಲ್ಲಿ ಸಭಾಪತಿ. ಆಮೇಲೆ ಬಕ್‌ನೆಲ್‌ನ ಪ್ರೆಸಿಡೆಂಟ್. 1953ರಲ್ಲಿ ಅವರನ್ನು ರಾಯಭಾರಿ ಮಾಡಿ ಆಗಿನ ಪಾಕಿಸ್ತಾನದ ರಾಜಧಾನಿ ಕರಾಚಿಗೆ ಕಳಿಸಿದ್ದು ಪ್ರೆಸಿಡೆಂಟ್ ಐಸೆನ್‌ಹೋವರ್. ಆ ಐಸೆನ್‌ಹೋವರ್ ಕೂಡ ಅದಕ್ಕೆ ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೆಸಿಡೆಂಟ್! ಎಲ್ಲ ಕಡೆ ಅಧ್ಯಕ್ಷ ಹಾಕಿದರೆ, 'ಅಧ್ಯಕ್ಷರಾಗುವ ಮೊದಲು ಅಧ್ಯಕ್ಷರಾಗಿದ್ದ ಅಧ್ಯಕ್ಷರು, ಅಧ್ಯಕ್ಷರಾಗಿದ್ದವರನ್ನು ರಾಯಭಾರಿ ಮಾಡಿದರು' ಎಂದಾಗುತ್ತದೆ. ಹಾಸ್ಯಕ್ಕೆ ಚೆನ್ನ, ಪತ್ರಿಕೆಗೆ ಆಗದು.

ಇಷ್ಟಕ್ಕೂ ಮುಗಿಯಲಿಲ್ಲ. ಹಿಲ್ಡ್ರೆತ್ ಹೋದಾಗ ಪಾಕಿಸ್ತಾನದಲ್ಲಿ ಇದ್ದದ್ದು ಗವರ್ನರ್ ಜನರಲ್. 1956ರ ಮಾರ್ಚ್ 23ಕ್ಕೆ ಅದು ಗಣರಾಜ್ಯವಾಗಿ ಇಸ್ಕಂದರ್ ಮಿರ್ಜಾ ಮೊದಲ ಪ್ರೆಸಿಡೆಂಟ್ ಆದರು. ನಮ್ಮ ಪತ್ರಿಕೆಗಳಲ್ಲಿ ಭಾರತದವರು 'ರಾಷ್ಟ್ರಪತಿ', ಹೊರದೇಶದವರು 'ಅಧ್ಯಕ್ಷ'. ಈ ಪಂಕ್ತಿಭೇದ ಯಾರು ಶುರು ಮಾಡಿದರೋ. ಅದರಿಂದ ಅನುಕೂಲವಂತೂ ಇದೆ. ಈ ಮಿರ್ಜಾ ಅವರ ಮಗ ಹಿಲ್ಡ್ರೆತ್ ಅವರ ಮಗಳನ್ನು ಮದುವೆಯಾದ. ಇಂಗ್ಲಿಷಿನಲ್ಲಿ ಆ ಎರಡು ಮನೆಯವರ ಸಂಬಂಧ ಹೇಳಲು ಒಂದು ಸಾಲೇ ಬೇಕು. ಕನ್ನಡದಲ್ಲಿ ಒಂದೇ ಪದ: ಬೀಗರು. ರಾಯಭಾರಿಯೂ ದೇಶದ ಅಧ್ಯಕ್ಷರೂ ಬೀಗರು! ಇಡೀ ಅನುವಾದದಲ್ಲಿ ಪದ ಹುಡುಕದೆ ಬರೆದ ವಾಕ್ಯ ಅದೊಂದೇ, ಅದಕ್ಕೆ ಕೆಂಪು ಗೆರೆಯೂ ಬೀಳಲಿಲ್ಲ.

ಮೂರನೆಯದು 'ರಾಜತಾಂತ್ರಿಕ'. ಇದನ್ನು ತೆಗೆಯಿರಿ ಎಂದು ಕೇಳಿದ್ದೇನೆ. ಮಾತಿಗಿಂತ ತಂತ್ರವೇ ಮುಂದೆ ನಿಲ್ಲುತ್ತದೆ, ಯಾರೋ ಏನೋ ಹೂಡುತ್ತಿದ್ದಾರೆ ಅನ್ನಿಸುತ್ತದೆ. ಹಿಲ್ಡ್ರೆತ್‌ಗೆ ಸೀದಾ 'ರಾಯಭಾರಿ' ಸಾಕು. ತಾಳಮದ್ದಲೆಯಲ್ಲಿ ಸಂಧಾನಕ್ಕೆ ಹೊರಟ ಕೃಷ್ಣನಿಂದ ಹಿಡಿದು ಸೋಪಿನ 'ಪ್ರಚಾರ ರಾಯಭಾರಿ'ವರೆಗೆ ಹೊತ್ತುಕೊಂಡು ಬಂದ ಪದ ಅದು. (ಹಿಂದಿಯ 'ರಾಜದೂತ' ನಮ್ಮಲ್ಲಿ ಬೈಕಾಗಿ ಓಡಿತು, ಅಂಬಾಸಿಡರ್ ಕಾರಾಗಿ. ಒಂದೇ ಹುದ್ದೆಗೆ ಎರಡು ಗಾಡಿ.) ಅಂದಹಾಗೆ ಕರಾಚಿಯಲ್ಲಿ ಭಾರತ ಇಟ್ಟಿದ್ದವರು ರಾಯಭಾರಿ ಅಲ್ಲ, ಕಾಮನ್‌ವೆಲ್ತ್ ಪದ್ಧತಿಯಂತೆ ಹೈಕಮಿಷನರ್. ಅದನ್ನೂ ರಾಯಭಾರಿ ಮಾಡಿಬಿಡುವ ಚಾಳಿ ನಮ್ಮಲ್ಲಿದೆ.

ಡಿಪ್ಲೊಮಾ, ಡಿಪ್ಲೊಮ್ಯಾಟ್ ಎರಡೂ ಒಂದೇ ಗ್ರೀಕ್ ಬೇರಿನವು, ಮಡಚಿದ ಕಾಗದ ಎಂದರ್ಥ. ಬಕ್‌ನೆಲ್‌ನಲ್ಲಿ ನಾಲ್ಕು ವರ್ಷ ಪದವಿಪತ್ರ ಹಂಚಿದವರು ತಾವೇ ಒಂದು ಪತ್ರ ಹಿಡಿದು ಕರಾಚಿಗೆ ಹೋದರು, 1957ರವರೆಗೆ ಅಲ್ಲಿದ್ದರು. ಈ ಸಾಲನ್ನು ಲೇಖನದಲ್ಲಿ ಸೇರಿಸಿದ್ದೆ, ಜಾಗ ಸಾಲದೆಂದು ಹಾರಿಹೋಯಿತು.

ನಮ್ಮಲ್ಲಿ ಈ ದಾರಿ ಸಾಮಾನ್ಯವಾಗಿ ಉಲ್ಟಾ: ಮೊದಲು ಹೊರದೇಶ, ಆಮೇಲೆ ರಾಜಭವನ. ವಿ.ವಿ. ಗಿರಿ ಸಿಲೋನಿನಲ್ಲಿ ಹೈಕಮಿಷನರ್ ಆಗಿದ್ದು, ಮುಂದೆ 1965ರಲ್ಲಿ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. ವಿಜಯಲಕ್ಷ್ಮಿ ಪಂಡಿತ್ ಮಾಸ್ಕೋ, ವಾಷಿಂಗ್ಟನ್ ಮುಗಿಸಿ 1962ರಲ್ಲಿ ಮಹಾರಾಷ್ಟ್ರಕ್ಕೆ. ಅದಕ್ಕೇ ಇರಬೇಕು, 'ರಾಜ್ಯಪಾಲ' ಅಂದ ಕೂಡಲೇ ಓದುಗನಿಗೆ ಕೊನೆಯ ನಿಲ್ದಾಣ ಕಾಣುವುದು. ಹಿಲ್ಡ್ರೆತ್‌ಗೆ ಅದು ಮೊದಲ ನಿಲ್ದಾಣಗಳಲ್ಲೊಂದು. ಕರಾಚಿಯಿಂದ ಮರಳಿದ ಮೇಲೆ 1958ರಲ್ಲಿ ಮತ್ತೆ ಗವರ್ನರ್ ಹುದ್ದೆಗೇ ಸ್ಪರ್ಧಿಸಿ ಸೋತರು. ರಾಜ್ಯಪಾಲ ಹುದ್ದೆಗೆ ಚುನಾವಣೆಯಲ್ಲಿ ಸೋತರು ಎಂದು ಬರೆದು ಓದಿ ನೋಡಿ.

ಸದ್ಯಕ್ಕೆ ನಾನು ಕಳಿಸಿದ ವಾಕ್ಯ ಇದು: "ಎರಡು ಸಲ ಗೆದ್ದು ಮೇಯ್ನ್ ಗವರ್ನರ್ ಆಗಿದ್ದ ಹಿಲ್ಡ್ರೆತ್, ಬಕ್‌ನೆಲ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ನಾಲ್ಕು ವರ್ಷ ದುಡಿದು, ಪಾಕಿಸ್ತಾನಕ್ಕೆ ರಾಯಭಾರಿಯಾಗಿ ಹೋದರು." 'ಮುಖ್ಯಸ್ಥ' ಸಪ್ಪೆ ಎಂದು ನನಗೂ ಗೊತ್ತು. ವಿಭಾಗಕ್ಕೂ ಮುಖ್ಯಸ್ಥ, ಗ್ಯಾರೇಜಿಗೂ ಮುಖ್ಯಸ್ಥ. ಅಮೆರಿಕದ ಕಾಲೇಜುಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಇಲ್ಲಿದ್ದರೆ, ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ "ನಮ್ಮ ಪ್ರೆಸಿಡೆಂಟ್ ಬದಲಾದ್ರು" ಅಂದಾಗ ಅವರಿಗೆ ಹೇಗೆ ಬಿಡಿಸಿ ಹೇಳುತ್ತೀರಿ? ಆ ಮಾತೇ ನನಗೆ ಬೇಕಾಗಿರುವುದು. ಕರಡು ಶುಕ್ರವಾರ ಅಚ್ಚಿಗೆ ಹೋಗುತ್ತದೆ.