ಅಸಿಟ್ರಾಮಾ, ಹೊಸ ಮಾತ್ರೆಯಾ: ತಗೊಳ್ಳೋರಿಗೆ ಯಾವುದು ನೆಮ್ಮದಿ?

ಚಿಂತಾಮಣಿ_ಫಾರ್ಮಸಿಸ್ಟ್:
ನಮ್ಮ ಕಡೆ ರಕ್ತ ತೆಳು ಮಾಡೋ ಮಾತ್ರೆಯವರು ಈಗ ಎರಡು ಪಂಗಡ. ಅಸಿಟ್ರಾಮ್, ವಾರ್ಫರಿನ್‌ನವರು "ತಿಂಗಳಿಗೊಂದ್ಸಲ ಪರೀಕ್ಷೆಗೆ ರಕ್ತ ಕೊಟ್ಟು ಸಾಕಾಯ್ತು, ಸೊಪ್ಪು ತಿನ್ನಂಗಿಲ್ಲ, ಹೊಸದು ಕೊಡಿ" ಅಂತಾರೆ. ಹೊಸ ಮಾತ್ರೆಗಳಾದ ರಿವಾರಾಕ್ಸಬಾನ್, ಅಪಿಕ್ಸಬಾನ್, ಡಬಿಗಟ್ರಾನ್‌ಗೆ ಹೋದವರಲ್ಲೂ ಕೆಲವರು ಹಳೇದೇ ವಾಸಿ ಅಂತಾರೆ. ತಪ್ಪು ಮಾತ್ರೆಯದಾ, ತಗೊಳ್ಳೋ ರೀತಿಯದಾ?

ಹೃದಯ_ವಾರ್ಡ್:
ಮೊದಲು, ಆಯ್ಕೆಯೇ ಇಲ್ಲದವರನ್ನು ಬೇರೆ ಮಾಡಿ ಸರ್. ಹೃದಯದಲ್ಲಿ ಲೋಹದ ಕವಾಟ ಇರೋರಿಗೆ ಹೊಸ ಮಾತ್ರೆ ಕೂಡದು. ಡಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ, ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯ್ತು. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಹೃದಯದ ಎಡಭಾಗದ್ದು) ಕಿರಿದಾಗಿ ಎದೆಬಡಿತ ತಪ್ಪಿದವರಿಗೂ ಹಳೇದೇ. 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ರಿವಾರಾಕ್ಸಬಾನ್‌ಗಿಂತ ಹಳೇ ಬಗೆಯ ಮಾತ್ರೆಯವರೇ ಚೆನ್ನಾಗಿದ್ದರು. "ಪಕ್ಕದ ಮನೆಯವರಿಗೆ ಕೊಟ್ಟಿದ್ದಾರಲ್ಲ" ಅಂತ ಕೇಳೋರು ಇವರೇ ಜಾಸ್ತಿ.

ಮುದ್ದೆ_ಬಸ್ಸಾರು:
ಸೊಪ್ಪು ಬಿಡಿ ಅನ್ನೋ ಸಲಹೆಯೇ ಅರ್ಧ ಬೇಸರಕ್ಕೆ ಕಾರಣ. ಸೊಪ್ಪಲ್ಲಿರೋ ವಿಟಮಿನ್ ಕೆ ಹಳೇ ಮಾತ್ರೆಯ ಕೆಲಸ ತಗ್ಗಿಸುತ್ತೆ, ನಿಜ. ಆದರೂ ಬಿಡೋದು ಬೇಡ, ಪ್ರಮಾಣ ಒಂದೇ ಸಮ ಇರಲಿ. ಮಳೆ ಬಿದ್ದಾಗ ಕೋಲಾರ ಸೀಮೆಯಲ್ಲಿ ಬೆರಕೆ ಸೊಪ್ಪಿನ ಮಸ್ಸೊಪ್ಪು ದಿನಾ ಆಗುತ್ತೆ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳೋ ಪರೀಕ್ಷೆಯ ಅಂಕಿ) ಇಳಿಯುತ್ತೆ. ಬೇಸಿಗೆಯಲ್ಲಿ ಸೊಪ್ಪು ಕಮ್ಮಿ, ಏರುತ್ತೆ. ಡೋಸು ಮಾತ್ರ ಬದಲಾಗಿರಲ್ಲ. ಬಸಿದರೆ ವಿಟಮಿನ್ ಕೆ ಕಟ್ಟಿನ ಜೊತೆ ಹೋಗುತ್ತೆ ಅಂತ ಕೆಲವರು ಅಂದ್ಕೊಂಡಿದ್ದಾರೆ. ಅದು ನೀರಲ್ಲಿ ಕರಗೋದಲ್ಲ, ಸೊಪ್ಪಲ್ಲೇ ಉಳಿಯುತ್ತೆ.

ಇನ್ನೊಂದು, ಅಸಿಟ್ರಾಮ್ ಸಾಯಂಕಾಲ ತಗೊಳ್ಳೋದು ಒಳ್ಳೇದು. ಬೆಳಿಗ್ಗೆ ಬಂದ ರಿಪೋರ್ಟ್ ನೋಡಿ ಅವತ್ತಿನ ಡೋಸನ್ನೇ ಬದಲಾಯಿಸಬಹುದು. ಸಾಮಾನ್ಯವಾಗಿ ಐಎನ್‌ಆರ್ ಗುರಿ 2ರಿಂದ 3, ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ 2.5ರಿಂದ 3.5.

ಹೃದಯ_ವಾರ್ಡ್:
ಹೊಸ ಮಾತ್ರೆಯವರ ದೂರುಗಳು ಬೇರೆ ಥರ. ರಿವಾರಾಕ್ಸಬಾನ್ 15 ಅಥವಾ 20 ಮಿ.ಗ್ರಾಂ ಊಟದ ಜೊತೆಯೇ ನುಂಗಬೇಕು. 20 ಮಿ.ಗ್ರಾಂ ಮಾತ್ರೆ ಬರೀ ಹೊಟ್ಟೆಯಲ್ಲಿ ಮೂರನೇ ಎರಡರಷ್ಟೇ ರಕ್ತಕ್ಕೆ ಸೇರೋದು. ಬೆಳಗಿನ ಕಾಫಿ ಊಟ ಅಲ್ಲ! ಡಬಿಗಟ್ರಾನ್‌ದು ಹೊಟ್ಟೆಯುರಿ. ಕ್ಯಾಪ್ಸೂಲ್ ಒಳಗೆ ಟಾರ್ಟಾರಿಕ್ ಆಮ್ಲ ಇರುತ್ತೆ. ಒಂದು ಲೋಟ ತುಂಬ ನೀರು ಕುಡಿದು, ಮಲಗದೆ ಕೂತಿರಬೇಕು. ಬಿಚ್ಚಿ ಪುಡಿ ನುಂಗಿದರೆ ಔಷಧಿ ಹೆಚ್ಚಾಗಿ ರಕ್ತ ಸೇರುತ್ತೆ. ಸ್ಟ್ರಿಪ್‌ನಿಂದ ತೆಗೆದು ಬೇರೆ ಡಬ್ಬಿಗೆ ಹಾಕಿಟ್ಟರೆ ತೇವಕ್ಕೆ ಕೆಡುತ್ತೆ, ಅಂಗಡಿಯಲ್ಲೇ ಹೇಳಿಬಿಡಿ.

ಅಪಿಕ್ಸಬಾನ್ ಎರಡು ಹೊತ್ತೂ ತಪ್ಪಬಾರದು. ಅಸಿಟ್ರಾಮ್ ಮರೆತರೆ ಐಎನ್‌ಆರ್‌ನಲ್ಲಿ ಗೊತ್ತಾಗುತ್ತೆ, ಇಲ್ಲಿ ಯಾವ ಪರೀಕ್ಷೆಯೂ ಎಚ್ಚರಿಸಲ್ಲ. "ಹಳೇದೇ ವಾಸಿ" ಅನ್ನೋರ ಮಾತು ಮುಕ್ಕಾಲು ಇದೇ. ಮಾತ್ರೆ ಕೆಲಸ ಮಾಡಿದ್ದಕ್ಕೆ ಕಣ್ಣಿಗೆ ಕಾಣೋ ಅಂಕಿ ಒಂದೂ ಇಲ್ಲ.

ಲೆಕ್ಕದವರು:
ತೃಪ್ತಿ ಅಳೆಯೋಕೆ ಆಕ್ಟ್ಸ್ ಅನ್ನೋ ಪ್ರಶ್ನಾವಳಿ ಇದೆ. 15 ಪ್ರಶ್ನೆ, 12 ಕಿರಿಕಿರಿ ಬಗ್ಗೆ, 3 ಮಾತ್ರ ಪ್ರಯೋಜನದ ಬಗ್ಗೆ. ಕಾಲಿನ ರಕ್ತನಾಳ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದವರ ಮೇಲೆ ನಡೆದ ಐನ್‌ಸ್ಟೈನ್ ಅಧ್ಯಯನಗಳಲ್ಲಿ ರಿವಾರಾಕ್ಸಬಾನ್‌ನವರಿಗೆ ಹೆಚ್ಚು ಅಂಕ ಬಂತು, ನಿಜ. ಆದರೆ ಎದುರು ಗುಂಪಿನವರು ಮೊದಲು ಹೊಟ್ಟೆಗೆ ಚುಚ್ಚೋ ಎನಾಕ್ಸಪರಿನ್ ತಗೊಂಡು ಹಳೇ ಬಗೆಯ ಮಾತ್ರೆಗೆ ಬಂದವರು. ಸೂಜಿ ಚುಚ್ಚಿಸಿಕೊಂಡವರು ಕಮ್ಮಿ ಅಂಕ ಕೊಟ್ಟರೆ ಆಶ್ಚರ್ಯ ಏನು?

ಚಿಂತಾಮಣಿ_ಫಾರ್ಮಸಿಸ್ಟ್:
ಡಾಕ್ಟರು ಬದಲಾಯಿಸಿ ಬರೆದರೆ ಮಾರನೇ ದಿನವೇ ಶುರು ಮಾಡಬಹುದಾ?

ಹೃದಯ_ವಾರ್ಡ್:
ಇಲ್ಲ. ಅಸಿಟ್ರಾಮ್ ನಿಲ್ಲಿಸಿ ಐಎನ್‌ಆರ್ ನೋಡಬೇಕು. 2ಕ್ಕಿಂತ ಕೆಳಗೆ ಬಂದ ಮೇಲೆ ಅಪಿಕ್ಸಬಾನ್, ಡಬಿಗಟ್ರಾನ್. ರಿವಾರಾಕ್ಸಬಾನ್‌ಗೆ ಮಿತಿ ಸ್ವಲ್ಪ ಸಡಿಲ, ಡಾಕ್ಟರು ಹೇಳ್ತಾರೆ. ಶುರು ಮಾಡೋ ಮುಂಚೆ ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ, ಆಮೇಲೆ ವರ್ಷಕ್ಕೊಂದ್ಸಲವಾದರೂ. ಹಳೇ ಸ್ಟ್ರಿಪ್ ಮನೆಯಲ್ಲಿ ಉಳಿಸಬೇಡಿ, ಎರಡನ್ನೂ ನುಂಗೋರಿದ್ದಾರೆ. ಮಂಡಿನೋವಿಗೆ ಡೈಕ್ಲೋಫೆನಾಕ್ ಕೇಳಿ ಬಂದರೆ ಕೊಡಬೇಡಿ, ಸೊಂಟಕ್ಕೆ ಇಂಜೆಕ್ಷನ್ ಹಾಕಿಸ್ಕೊಳ್ಳೋದೂ ಬೇಡ. ಮಾಂಸಖಂಡದೊಳಗೆ ರಕ್ತ ಕಟ್ಟುತ್ತೆ. ಇದು ಎರಡೂ ಪಂಗಡಕ್ಕೆ.